ನಾಯಿಯ ಕಿವಿ: ಆರೈಕೆ ಮತ್ತು ರೋಗಗಳು

ನಾಯಿಗಳನ್ನು ಪದೇಪದೇ ಕಾಡುವ ಕಾಯಿಲೆಗಳಲ್ಲಿ ಕಿವಿಯ ತೊಂದರೆಗಳು ಮುಖ್ಯವಾದವು. ಹೆಚ್ಚಿನವು ಕಿವಿಯ ಹಾಲೆಯಲ್ಲಿ ಇಲ್ಲವೆ ನಾಳದಲ್ಲಿ ಶುರುವಾಗುತ್ತವೆ. ಗಮನಿಸದೆ ಬಿಟ್ಟರೆ ಕಿವಿತಮಟೆಯನ್ನು ದಾಟಿ ನಡುಗಿವಿ, ಒಳಗಿವಿಗಳಿಗೆ ಇಳಿಯುತ್ತವೆ. ಕಾರಣಗಳು ಹಲವು: ಉಣ್ಣೆ, ನೊಣ, ನುಸಿ, ಹುಲ್ಲಿನ ಊಬು, ಕಚ್ಚಾಟದ ಗಾಯ, ಚರ್ಮದ ಅಲರ್ಜಿ, ಯೀಸ್ಟ್, ಬ್ಯಾಕ್ಟೀರಿಯಾ. ಹೊರಗೆ ಕಾಣುವ ಲಕ್ಷಣ ಮಾತ್ರ ಬಹುಪಾಲು ಒಂದೇ. ನಾಯಿ ತಲೆ ಕೊಡವುತ್ತದೆ, ಹಿಂಗಾಲಿನಿಂದ ಕಿವಿ ಕೆರೆಯುತ್ತದೆ, ಮುಟ್ಟಲು ಹೋದರೆ ಗುರುಗುಟ್ಟುತ್ತದೆ. ಲಕ್ಷಣ ಒಂದೇ ಆದ್ದರಿಂದ ಮದ್ದೂ ಒಂದೇ ಇರಬೇಕೆಂದು ಜನ ಭಾವಿಸುತ್ತಾರೆ. ಕಿವಿ ಕೆಡುವುದು ಬಹುಮಟ್ಟಿಗೆ ಈ ಭಾವನೆಯಿಂದಲೇ. ಕಿವಿಯನ್ನು ನೋಡದೆ, ಕಾರಣ ತಿಳಿಯದೆ ಅದರೊಳಕ್ಕೆ ಏನನ್ನೂ ಹುಯ್ಯಬಾರದು. ಮುಂದೆ ಬರುವ ಎಲ್ಲ ಸಲಹೆಗಳ ಬುಡದಲ್ಲಿರುವುದು ಈ ಒಂದು ಮಾತು.

ತುಮಕೂರು ಜಿಲ್ಲೆಯ ಮಧುಗಿರಿ ತಾಲೂಕಿನ ಕೊಡಿಗೇನಹಳ್ಳಿ ಜಯಮಂಗಲಿ ನದಿಯ ಬಯಲಿನಲ್ಲಿ, ಆಂಧ್ರದ ಹಿಂದೂಪುರಕ್ಕೆ ಹತ್ತಿರದಲ್ಲಿರುವ ಹೋಬಳಿ ಕೇಂದ್ರ. ಈ ಸೀಮೆಯಲ್ಲಿ, ಹಾಗೆಯೇ ಶಿರಾ, ಕೊರಟಗೆರೆ, ಪಾವಗಡದ ಹಳ್ಳಿಗಳಲ್ಲಿ, ನಾಯಿಗಳ ಬದುಕು ಎರಡು ಬಗೆಯದು. ಕಾಡುಗೊಲ್ಲರ ಹಟ್ಟಿಗಳಲ್ಲಿ, ಕುರುಬರ ಹಿಂಡುಗಳ ಜೊತೆಯಲ್ಲಿ, ಕಡಲೇಕಾಯಿ ಹೊಲದ ಬದುಗಳಲ್ಲಿ ಹಗಲೂ ರಾತ್ರಿ ಬಯಲಿನಲ್ಲೇ ಇರುವ ನಾಡನಾಯಿಗಳು ಒಂದು ಕಡೆ. ಮಧುಗಿರಿ, ಶಿರಾ ಪಟ್ಟಣಗಳ ಮನೆಗಳಲ್ಲಿ ಸಾಕಿದ ಲ್ಯಾಬ್ರಡಾರ್, ಪಮೇರಿಯನ್, ಶಿಟ್ಜುಗಳು ಇನ್ನೊಂದು ಕಡೆ. ಬಯಲಿನ ನಾಯಿಯ ಕಿವಿಗೆ ಬರುವ ಕೇಡು ಹೆಚ್ಚಾಗಿ ಹೊರಗಿನಿಂದ ಬರುತ್ತದೆ, ಅಂದರೆ ಉಣ್ಣೆ, ನೊಣ, ಊಬು, ಹಲ್ಲಿನ ಗಾಯ. ಮನೆನಾಯಿಯ ಕಿವಿಗೆ ಬರುವ ಕೇಡಿನ ಬೇರು ಹೆಚ್ಚಾಗಿ ಅದರ ಚರ್ಮದಲ್ಲೇ ಇರುತ್ತದೆ. ಎರಡಕ್ಕೂ ಒಂದೇ ಬಾಟಲಿಯ ಹನಿ ಹಾಕಿದರೆ ಒಂದು ಕಡೆಯಾದರೂ ತಪ್ಪಾಗುತ್ತದೆ.

ಕಿವಿಯ ರಚನೆ

ಮನುಷ್ಯರ ಕಿವಿನಾಳ ಚಿಕ್ಕದು, ಹೆಚ್ಚುಕಡಿಮೆ ನೇರ. ನಾಯಿಯದು ಹಾಗಲ್ಲ. ಮೊದಲು ಕೆನ್ನೆಯ ಬದಿಯಲ್ಲಿ ಕೆಳಕ್ಕೆ ಇಳಿದು, ಆಮೇಲೆ ತಲೆಬುರುಡೆಯ ಕಡೆಗೆ ಅಡ್ಡಕ್ಕೆ ತಿರುಗುತ್ತದೆ. ಒಟ್ಟು ಉದ್ದ, ನಾಯಿಯ ಗಾತ್ರಕ್ಕೆ ತಕ್ಕಂತೆ, ಸುಮಾರು 5ರಿಂದ 10 ಸೆಂಟಿಮೀಟರ್. ತುದಿಯಲ್ಲಿ ತೆಳುವಾದ ಕಿವಿತಮಟೆ, ಅದರಾಚೆ ಸಣ್ಣ ಮೂಳೆಗಳಿರುವ ನಡುಗಿವಿ, ಅದಕ್ಕೂ ಆಚೆ ಕೇಳ್ಮೆ ಮತ್ತು ಸಮತೋಲ ಎರಡನ್ನೂ ನೋಡಿಕೊಳ್ಳುವ ಒಳಗಿವಿ. ತಿರುವು ಇರುವುದರಿಂದ ಮೇಲಿನಿಂದ ಇಣುಕಿದರೆ ಅರ್ಧ ದಾರಿಯಷ್ಟೇ ಕಾಣುತ್ತದೆ. ಒಳಗೆ ಬಿದ್ದ ನೀರು, ಕಸ ಸುಲಭವಾಗಿ ಹೊರಬರದಿರುವುದಕ್ಕೂ ಈ ತಿರುವೇ ಕಾರಣ.

ನಾಳದ ಒಳಮೈ ಚರ್ಮವೇ. ಅದರಲ್ಲಿ ಕೂದಲಿನ ಬುಡಗಳಿವೆ, ಎಣ್ಣೆಯ ಗ್ರಂಥಿಗಳಿವೆ, ಗುಗ್ಗೆ ಒಸರುವ ಗ್ರಂಥಿಗಳಿವೆ. ಸತ್ತ ಚರ್ಮದ ಪದರ ತಮಟೆಯ ಬಳಿಯಿಂದ ನಿಧಾನವಾಗಿ ಹೊರಬಾಯಿಯ ಕಡೆಗೆ ಸರಿಯುತ್ತಾ ಗುಗ್ಗೆಯನ್ನೂ ಕಸವನ್ನೂ ತಾನೇ ಹೊರಕ್ಕೆ ಸಾಗಿಸುತ್ತದೆ. ಆರೋಗ್ಯವಂತ ಕಿವಿ ಹೀಗೆ ತನ್ನನ್ನು ತಾನೇ ಶುಚಿಮಾಡಿಕೊಳ್ಳುತ್ತದೆ. ಚರ್ಮ ಊದಿಕೊಂಡಾಗ ಈ ಸಾಗಾಟ ನಿಂತುಹೋಗುತ್ತದೆ. ಕಸ ಅಲ್ಲೇ ಉಳಿದು ಕೊಳೆಯುತ್ತದೆ.

ಹಾಲೆಯೆಂದರೆ ಮೆಲುಮೂಳೆಯ ತೆಳು ಹಾಳೆಯ ಎರಡೂ ಬದಿಗೆ ಹೊದಿಸಿದ ಚರ್ಮ. ಅದನ್ನು ತಿರುಗಿಸಲು, ನಿಮಿರಿಸಲು, ಹಿಂದಕ್ಕೆ ಮಡಿಸಲು ಒಂದೂವರೆ ಡಜನ್‌ಗೂ ಹೆಚ್ಚು ಸ್ನಾಯುಗಳಿವೆ. ಮನುಷ್ಯರು ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಸದ್ದನ್ನು ಕೇಳಿಸಿಕೊಂಡರೆ ನಾಯಿ ಸುಮಾರು 45,000ದವರೆಗೂ ಕೇಳಿಸಿಕೊಳ್ಳುತ್ತದೆ. ರಾತ್ರಿ ರೊಪ್ಪದ ಬೇಲಿಯಾಚೆ ತೋಳ ಸುಳಿದಾಗ ಕುರಿಗಾರನಿಗಿಂತ ಮೊದಲು ಎದ್ದು ನಿಲ್ಲುವ ನಾಯಿಗೆ ಮೂಗಿನಷ್ಟೇ ಕಿವಿಯೂ ಬೇಕು. ಮರಿ ಹುಟ್ಟುವಾಗ ಕಿವಿನಾಳ ಮುಚ್ಚಿಕೊಂಡಿರುತ್ತದೆ. ಅದು ತೆರೆಯುವುದು ಸುಮಾರು ಎರಡು ವಾರಗಳ ಹೊತ್ತಿಗೆ. ಅಲ್ಲಿಯವರೆಗೆ ಮರಿಯ ಕಿವಿಗೆ ಏನೂ ಮಾಡಬೇಕಾಗಿಲ್ಲ.

ಕಿವಿ ನೋಡುವ ಕ್ರಮ

ವಾರಕ್ಕೊಮ್ಮೆ ನೋಡಿದರೆ ಸಾಕು. ಬಯಲಿನ ನಾಯಿಗಾದರೆ ಉಣ್ಣೆ ಏಳುವ ಕಾಲದಲ್ಲಿ ದಿನವೂ ನೋಡುವುದು ಒಳ್ಳೆಯದು. ನಾಯಿಯನ್ನು ಬೆಳಕಿಗೆ ಕೂರಿಸಿ, ಹಾಲೆಯನ್ನು ಮೆಲ್ಲಗೆ ಮೇಲಕ್ಕೆ ಮಡಚಿ, ಮೊದಲು ಮೂಸಿ ನೋಡಬೇಕು. ಆರೋಗ್ಯದ ಕಿವಿಗೆ ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ಹುಳಿವಾಸನೆ, ಮುಗ್ಗಲು ವಾಸನೆ, ಕೊಳೆತ ವಾಸನೆ ಬಂದರೆ ಕಣ್ಣಿಗೆ ಏನೂ ಕಾಣದಿದ್ದರೂ ಒಳಗೆ ತೊಂದರೆ ಇದೆಯೆಂದೇ ಅರ್ಥ. ಬಣ್ಣ ತಿಳಿಗುಲಾಬಿಯಾಗಿರಬೇಕು. ಕರಿಚರ್ಮದ ನಾಯಿಗಳಲ್ಲಿ ಬಣ್ಣಕ್ಕಿಂತ ಬಿಸಿ ಮತ್ತು ಊತವನ್ನು ನಂಬಬೇಕು. ಅಲ್ಪಸ್ವಲ್ಪ ತಿಳಿಕಂದು ಗುಗ್ಗೆ ಸಹಜ.

ಆಮೇಲೆ ಒಂದು ಕಿವಿಯನ್ನು ಇನ್ನೊಂದರ ಜೊತೆ ಹೋಲಿಸಬೇಕು. ಒಂದೇ ಕಿವಿ ಕೆಟ್ಟಿದ್ದರೆ ಊಬು, ಗಾಯ, ಒಳಗೆ ಸೇರಿದ ಉಣ್ಣೆ, ವಯಸ್ಸಾದ ನಾಯಿಯಲ್ಲಿ ಗಡ್ಡೆ ಇರಬಹುದೆಂದು ಅನುಮಾನಿಸಬೇಕು. ಎರಡೂ ಒಟ್ಟಿಗೆ ಕೆಟ್ಟಿದ್ದರೆ ಅಲರ್ಜಿ, ನುಸಿ, ಹಾರ್ಮೋನಿನ ತೊಂದರೆಗಳ ಕಡೆ ಗಮನ ಹೋಗಬೇಕು. ಈ ಸಣ್ಣ ಹೋಲಿಕೆ ವೈದ್ಯರಿಗೂ ದೊಡ್ಡ ಸಹಾಯ. ಮರಿಯಾಗಿದ್ದಾಗಿನಿಂದಲೇ ಕಿವಿ ಮುಟ್ಟಿಸಿಕೊಂಡು ರೂಢಿಯಾದ ನಾಯಿ ದೊಡ್ಡದಾದ ಮೇಲೆ ನೋವಿನಲ್ಲೂ ಮುಟ್ಟಲು ಬಿಡುತ್ತದೆ.

ಉಣ್ಣೆ

ಬಯಲುಸೀಮೆಯಲ್ಲಿ ನಾಯಿಯ ಕಿವಿಯೆಂದರೆ ಮೊದಲು ನೆನಪಾಗುವುದು ಉಣ್ಣೆ. ನಾಯಿಗೆ ಹತ್ತುವ ಕಂದು ಉಣ್ಣೆಯ ಹೆಸರು ರಿಪಿಸೆಫಾಲಸ್ ಸಾಂಗ್ವಿನಿಯಸ್. ಹಾಲೆಯ ಒಳಮೈ, ಹಾಲೆಯ ಅಂಚಿನಲ್ಲಿರುವ ಪುಟ್ಟ ಚರ್ಮದ ಚೀಲ, ಕಿವಿಯ ಬುಡ, ಕುತ್ತಿಗೆ, ಕಾಲ್ಬೆರಳ ಸಂದು ಅದಕ್ಕೆ ಇಷ್ಟದ ಜಾಗಗಳು. ಕಿವಿಯಲ್ಲಂತೂ ಚರ್ಮ ತೆಳು, ರಕ್ತ ಹತ್ತಿರ, ನಾಯಿಯ ಹಲ್ಲಿಗೆ ಎಟುಕುವುದಿಲ್ಲ. ರಕ್ತ ಕುಡಿದು ಬೂದುಬಣ್ಣಕ್ಕೆ ಉಬ್ಬಿದ ಹೆಣ್ಣುಣ್ಣೆಯ ಪಕ್ಕದಲ್ಲೇ ಚಿಕ್ಕ ಕಂದುಬಣ್ಣದ ಗಂಡುಣ್ಣೆ ಕಚ್ಚಿಕೊಂಡಿರುವುದನ್ನು ಕಾಣಬಹುದು. ಹೊಟ್ಟೆ ತುಂಬಿದ ಹೆಣ್ಣು ನಾಯಿಯಿಂದ ಉದುರಿ, ಕಲ್ಲುಗೋಡೆಯ ಸಂದಿಗೋ ಗೂಡಿನ ಮೂಲೆಗೋ ಹತ್ತಿ ಸಾವಿರಾರು ಮೊಟ್ಟೆ ಇಡುತ್ತದೆ. ಮರಿಗಳು ಮತ್ತೆ ನಾಯಿಯನ್ನೇ ಹುಡುಕಿ ಹತ್ತುತ್ತವೆ. ಆದ್ದರಿಂದ ನಾಯಿಯ ಮೈಮೇಲಿನ ಉಣ್ಣೆ ಕಿತ್ತು ಅದು ಮಲಗುವ ಜಾಗವನ್ನು ಹಾಗೇ ಬಿಟ್ಟರೆ ಕೆಲಸ ಅರ್ಧವೇ ಆದಂತೆ. ಗೋಡೆಯ ಬಿರುಕು ಮುಚ್ಚುವುದು, ಮಲಗುವ ಗೋಣಿಚೀಲವನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕುವುದು, ಗೂಡಿನ ಸುತ್ತ ಕಸ ಗುಡಿಸಿ ಸುಡುವುದು ಇವೆಲ್ಲ ಕಿವಿಯ ಆರೈಕೆಯ ಭಾಗವೇ.

ಕಚ್ಚಿದ ಉಣ್ಣೆಯನ್ನು ಕೀಳುವ ಕ್ರಮ ಹೀಗೆ. ಕೈಗೆ ಚೀಲವನ್ನೋ ಕೈಗವಸನ್ನೋ ಹಾಕಿಕೊಳ್ಳಬೇಕು. ಮೊನಚು ಚಿಮಟದಿಂದ ಉಣ್ಣೆಯ ಹೊಟ್ಟೆಯನ್ನು ಹಿಡಿಯದೆ, ಚರ್ಮಕ್ಕೆ ಅಂಟಿದ ಅದರ ಬಾಯಿಯ ಭಾಗವನ್ನೇ ಹಿಡಿಯಬೇಕು. ತಿರುಚದೆ, ಜಗ್ಗದೆ, ಒಂದೇ ಬಿಗುವಿನಲ್ಲಿ ನೇರವಾಗಿ ಮೇಲಕ್ಕೆ ಎಳೆಯಬೇಕು. ಕಿತ್ತ ಜಾಗವನ್ನು ಪೊವಿಡೋನ್ ಅಯೋಡಿನ್‌ನಿಂದ ಒರೆಸಬೇಕು. ಉಣ್ಣೆಯನ್ನು ಉಗುರಲ್ಲಿ ಕುಕ್ಕಬಾರದು. ಸಾಬೂನು ನೀರಿಗೆ ಹಾಕಬೇಕು. ಬೀಡಿಯ ಕೆಂಡ ತಾಗಿಸುವುದು, ಸೀಮೆಎಣ್ಣೆ ಸವರುವುದು ಬೇಡ. ಹಿಂಸೆಗೊಳಗಾದ ಉಣ್ಣೆ ತನ್ನ ಜೊಲ್ಲನ್ನು ಗಾಯದೊಳಕ್ಕೇ ಕಾರಬಹುದು. ಕಿವಿಯ ಚರ್ಮ ಸುಡುವುದು ಬೇರೆ.

ಆ ಜೊಲ್ಲಿನಲ್ಲೇ ದೊಡ್ಡ ಅಪಾಯವಿದೆ. ಎರ್ಲಿಕಿಯಾ, ಬಬೇಸಿಯಾ ಎಂಬ ರೋಗಾಣುಗಳು ಈ ದಾರಿಯಿಂದಲೇ ರಕ್ತಕ್ಕೆ ಇಳಿಯುತ್ತವೆ. ಉಣ್ಣೆ ಹತ್ತಿದ ಒಂದೆರಡು ಅಥವಾ ಮೂರು ವಾರಗಳಲ್ಲಿ ನಾಯಿ ಅನ್ನ ಬಿಟ್ಟರೆ, ಜ್ವರ ಬಂದರೆ, ಒಸಡು ಬಿಳಿಚಿದರೆ, ಮೂಗಿನಿಂದ ರಕ್ತ ಬಂದರೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಅದೇ ದಿನ ರಕ್ತಪರೀಕ್ಷೆ ಮಾಡಿಸಬೇಕು. ಎರ್ಲಿಕಿಯಾಕ್ಕೆ ವೈದ್ಯರು ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು 28 ದಿನ ಕೊಡುತ್ತಾರೆ. ಮೂರನೆಯ ದಿನ ನಾಯಿ ಚುರುಕಾಯಿತೆಂದು ನಿಲ್ಲಿಸಿದರೆ ರೋಗ ಒಳಗೇ ಅಡಗಿ ಮತ್ತೆ ಏಳುತ್ತದೆ.

ಉಣ್ಣೆ ತಡೆಯಲು ಈಗ ಬಾಯಿಂದ ನುಂಗಿಸುವ ಮಾತ್ರೆಗಳು, ಬೆನ್ನಿಗೆ ಬಿಡುವ ಹನಿಗಳು, ಕತ್ತುಪಟ್ಟಿಗಳು ಸಿಗುತ್ತವೆ. ದನದ ಉಣ್ಣೆಗೆಂದು ತಂದ ಡೆಲ್ಟಾಮೆತ್ರಿನ್, ಅಮಿಟ್ರಾಜ್ ದ್ರಾವಣವನ್ನೇ ನಾಯಿಗೂ ಬಳಿಯುವುದು ಹಳ್ಳಿಗಳಲ್ಲಿ ಉಂಟು. ಪ್ರಮಾಣ ತಪ್ಪಿದರೆ ವಿಷವಾಗುವ ಇವನ್ನು ಕಿವಿಯೊಳಕ್ಕೆ, ಕಣ್ಣಿನ ಬಳಿಗೆ ಎಂದೂ ಬಿಡಬಾರದು. ನಾಯಿಗೆ ಹಾಕುವ ಪರ್ಮೆತ್ರಿನ್ ಬೆಕ್ಕಿಗೆ ಪ್ರಾಣಾಂತಿಕ. ಮನೆಯಲ್ಲಿ ಎರಡೂ ಇದ್ದರೆ ಇದನ್ನು ಮರೆಯುವಂತಿಲ್ಲ.

ನೊಣ ಮತ್ತು ಹುಳ

ನಿಮಿರಿದ ಕಿವಿಯ ನಾಯಿಗಳ ಕಿವಿತುದಿಯಲ್ಲಿ ಕೂದಲು ಉದುರಿ, ಕಪ್ಪು ಹೆಪ್ಪು ಕಟ್ಟಿರುವುದನ್ನು ದನದ ಕೊಟ್ಟಿಗೆ ಇರುವ ಊರುಗಳಲ್ಲೆಲ್ಲ ಕಾಣಬಹುದು. ಅದು ಕೊಟ್ಟಿಗೆ ನೊಣದ ಕೆಲಸ. ಮನೆನೊಣದಂತೆಯೇ ಕಾಣುವ ಇದಕ್ಕೆ ಚುಚ್ಚಿ ರಕ್ತ ಹೀರುವ ಕೊಂಡಿ ಇದೆ. ಜೋಲುಕಿವಿಯ ನಾಯಿಗಳಲ್ಲಿ ಹಾಲೆ ಮಡಚುವ ಗೆರೆಯ ಮೇಲೆ ಕಚ್ಚುತ್ತದೆ. ಒಸರಿದ ರಕ್ತಕ್ಕೆ ಇನ್ನಷ್ಟು ನೊಣ ಮುತ್ತುತ್ತವೆ. ನಾಯಿಯ ಕಿವಿಗೆ ಮುಲಾಮು ಹಚ್ಚಿದರಷ್ಟೇ ಇದು ನಿಲ್ಲುವುದಿಲ್ಲ. ತಿಪ್ಪೆಯಿಂದ, ಒದ್ದೆ ಹುಲ್ಲಿನ ರಾಶಿಯಿಂದ ದೂರ, ಗಾಳಿಯಾಡುವ ಜಾಗದಲ್ಲಿ ಹಗಲು ನಾಯಿಯನ್ನು ಮಲಗಿಸಬೇಕು. ಹೆಪ್ಪನ್ನು ಬೆಚ್ಚನೆಯ ಉಪ್ಪುನೀರಿನಿಂದ ನೆನೆಸಿ ತೆಗೆದು, ವೈದ್ಯರು ಕೊಟ್ಟ ನೊಣ ಓಡಿಸುವ ಮುಲಾಮು ಹಚ್ಚಬೇಕು.

ಇದಕ್ಕಿಂತ ಘೋರವಾದದ್ದು ಗಾಯಕ್ಕೆ ಹುಳ ಬೀಳುವುದು. ಕ್ರೈಸೊಮಿಯಾ ಬೆಜಿಯಾನಾ ಎಂಬ ನೊಣ ಹಸಿಗಾಯದ ಅಂಚಿನಲ್ಲಿ ನೂರಕ್ಕೂ ಹೆಚ್ಚು ಮೊಟ್ಟೆಗಳನ್ನು ಒತ್ತೊತ್ತಾಗಿ ಇಡುತ್ತದೆ. ಒಂದು ದಿನದೊಳಗೆ ಮರಿಹುಳಗಳು ಹೊರಬಂದು, ಸತ್ತ ಮಾಂಸವನ್ನಲ್ಲ, ಜೀವಂತ ಮಾಂಸವನ್ನೇ ಕೊರೆಯುತ್ತಾ ಐದಾರು ದಿನ ಒಳಕ್ಕಿಳಿಯುತ್ತವೆ. ಕಿವಿಯ ಬುಡದಲ್ಲಿ ಉಣ್ಣೆ ಕಿತ್ತ ಸಣ್ಣ ಗಾಯವೂ ಅದಕ್ಕೆ ಸಾಕು. ಸೋರುವ ಕಿವಿಯ ನಾಳಕ್ಕೂ ಇಳಿಯಬಹುದು. ನಾಯಿ ತಲೆಯನ್ನು ಒಂದೇ ಕಡೆಗೆ ವಾಲಿಸಿ ಕತ್ತಲ ಮೂಲೆ ಹಿಡಿಯುತ್ತದೆ. ಕಿವಿಯಿಂದ ರಕ್ತ ಬೆರೆತ ನೀರು ಸೋರುತ್ತದೆ. ಹತ್ತಿರ ಹೋದರೆ ಕೊಳೆತ ವಾಸನೆ ಮುಖಕ್ಕೆ ಹೊಡೆಯುತ್ತದೆ. ಬ್ಯಾಟರಿ ಬಿಟ್ಟು ನೋಡಿದರೆ ಗಾಯದ ತಳದಲ್ಲಿ ಹುಳಗಳ ಹಿಂಭಾಗಗಳು ಸಾಲಾಗಿ ಮಿಸುಕುತ್ತಿರುತ್ತವೆ.

ಇಂಥ ಹೊತ್ತಿನಲ್ಲಿ ಕೈಗೆ ಸಿಕ್ಕಿದ್ದನ್ನು ಹುಯ್ಯುವುದು ಸಾಮಾನ್ಯ. ಫಿನಾಯಿಲ್, ಸೀಮೆಎಣ್ಣೆ, ಪುಡಿಮಾಡಿದ ನುಸಿಗುಳಿಗೆ ಯಾವುದೂ ಬೇಡ. ಹುಳ ಸಾಯುವ ಮೊದಲು ಕಿವಿಯ ಚರ್ಮ ಬೇಯುತ್ತದೆ. ನಾಯಿ ನೆಕ್ಕಿದರೆ ಹೊಟ್ಟೆಗೂ ವಿಷ. ನುಸಿಗುಳಿಗೆಯ ನ್ಯಾಫ್ತಲೀನ್ ನಾಯಿಯ ಕೆಂಪು ರಕ್ತಕಣಗಳನ್ನೇ ಒಡೆಯಬಲ್ಲದು. ಸೀತಾಫಲದ ಎಲೆ ಅರೆದು ಕಟ್ಟುವ ಪದ್ಧತಿ ಬಯಲುಸೀಮೆಯಲ್ಲಿ ಹಳೆಯದು. ದನದ ಕಾಲಿನ ಗಾಯಕ್ಕೆ ಅದು ನಡೆದೀತು. ಕಣ್ಣಿಗೆ ಇಷ್ಟು ಹತ್ತಿರದ ಜಾಗಕ್ಕೆ ಬೇಡ, ಏಕೆಂದರೆ ಸೀತಾಫಲದ ಬೀಜದ ಪುಡಿ ಕಣ್ಣಿಗೆ ತಾಗಿದರೆ ಕಣ್ಣಿನ ಪಾರದರ್ಶಕ ಪೊರೆಗೆ ಹುಣ್ಣಾಗುತ್ತದೆ. ವೈದ್ಯರು ನಾಯಿಗೆ ಮಂಪರು ಕೊಟ್ಟು, ಹುಳಗಳನ್ನು ಒಂದೊಂದಾಗಿ ಚಿಮಟದಿಂದ ತೆಗೆದು, ಗಾಯ ತೊಳೆದು, ಉಳಿದ ಹುಳ ಸಾಯಲು ಔಷಧ ಕೊಡುತ್ತಾರೆ. ಅದೇ ದಿನ ಆಸ್ಪತ್ರೆಗೆ ಸೇರಿಸಲಾಗದಿದ್ದರೆ ಕಾಣುವ ಹುಳಗಳನ್ನು ತೆಗೆದು, ಉಪ್ಪುನೀರಿನಿಂದ ತೊಳೆದು, ನೊಣ ಕೂರದಂತೆ ತೆಳುಬಟ್ಟೆ ಕಟ್ಟಿ ಮರುದಿನವಾದರೂ ಒಯ್ಯಬೇಕು. ಬೀದಿನಾಯಿಗಳಲ್ಲಿ ಈ ಸಾವು ಎಷ್ಟೋ ನಡೆಯುತ್ತದೆ. ಅದು ತಪ್ಪಿಸಬಹುದಾದ ಸಾವು. ಮೊದಲ ಎರಡು ದಿನದಲ್ಲಿ ಯಾರಾದರೂ ಒಬ್ಬರು ಬಗ್ಗಿ ನೋಡಿದರೂ ಸಾಕು.

ಊಬು ಮತ್ತು ಗಾಯ

ಮೈದನಹಳ್ಳಿಯ ಬಳಿ 798 ಎಕರೆಯ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವಿದೆ. ಅದರ ಸುತ್ತಲಿನ ಹುಲ್ಲುಗಾವಲಿನಲ್ಲಿ, ಹಾಗೆಯೇ ಬೀಳುಬಿದ್ದ ಹೊಲಗಳಲ್ಲಿ, ಹಿಂಗಾರು ಮಳೆ ಮುಗಿದ ಮೇಲೆ ಹುಲ್ಲು ಒಣಗಿ ತೆನೆ ಉದುರತೊಡಗುತ್ತದೆ. ಊಬಿನ ತುದಿ ಚೂಪು, ಮೈಮೇಲೆ ಹಿಮ್ಮುಖದ ಸಣ್ಣ ಮುಳ್ಳುಗಳು. ಒಳಕ್ಕೆ ಸರಿಯುತ್ತದೆ, ಹಿಂದಕ್ಕೆ ಬರುವುದಿಲ್ಲ. ಆಗ ತಾನೇ ಚೆನ್ನಾಗಿದ್ದ ನಾಯಿ ಹೊಲದಿಂದ ಬಂದೊಡನೆ ಒಂದೇ ಕಿವಿಯನ್ನು ಹುಚ್ಚು ಹಿಡಿದಂತೆ ಕೊಡವತೊಡಗಿದರೆ ಊಬು ಹೊಕ್ಕಿದೆಯೆಂದೇ ತಿಳಿಯಬೇಕು. ಹೊರಗೆ ಕಂಡರೆ ಚಿಮಟದಿಂದ ತೆಗೆಯಬಹುದು. ಕಾಣದಿದ್ದರೆ ಕಡ್ಡಿ ಹಾಕಿ ಹುಡುಕಬಾರದು, ಅದು ತಿರುವಿನಾಚೆಗೆ ತಳ್ಳಲ್ಪಟ್ಟು ತಮಟೆಯನ್ನು ತೂತುಮಾಡಬಹುದು. ಉತ್ತರಾಣಿಯ ಬೀಜ ಹಾಲೆಯ ಕೂದಲಿಗೆ ಅಂಟಿ ಗಂಟಾಗುತ್ತದೆ. ಅದನ್ನು ಅಂದೇ ಸಂಜೆ ಬಿಡಿಸಿಹಾಕಬೇಕು.

ಕಚ್ಚಾಟದ ಗಾಯ ಇನ್ನೊಂದು. ಕಡಲೇಕಾಯಿ ಹೊಲಕ್ಕೆ ನುಗ್ಗುವ ಕಾಡುಹಂದಿಯನ್ನು ಅಟ್ಟುವ ನಾಯಿಗಳ ಕಿವಿ ಹರಿಯುವುದು ಇಂದು ನಿನ್ನೆಯದಲ್ಲ. ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಗೆ ಕ್ರಿ.ಶ. 949–50ರ ಹೊತ್ತಿಗೇ ಆತಕೂರಿನಲ್ಲಿ ಕಲ್ಲು ನೆಟ್ಟಿದ್ದಾರೆ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮುಧೋಳ ತಳಿಯಂಥ ಬೇಟೆನಾಯಿಗಳ ಹಾಲೆ ಬಹಳ ತೆಳು. ಸಣ್ಣ ಸೀಳಿನಿಂದಲೂ ರಕ್ತ ಸುರಿಯುತ್ತದೆ, ತಲೆ ಕೊಡವಿದಷ್ಟೂ ಮತ್ತೆ ಬಿರಿಯುತ್ತದೆ. ಶುಭ್ರ ಬಟ್ಟೆಯಿಂದ ಹಾಲೆಯ ಎರಡೂ ಬದಿಯನ್ನು ಐದು ನಿಮಿಷ ಒತ್ತಿಹಿಡಿದು, ಹಾಲೆಯನ್ನು ನೆತ್ತಿಯ ಮೇಲಕ್ಕೆ ಮಡಚಿ, ಉಸಿರುಗಟ್ಟದಂತೆ ತಲೆಸುತ್ತ ಬಟ್ಟೆ ಕಟ್ಟಿದರೆ ರಕ್ತ ನಿಲ್ಲುತ್ತದೆ. ಕಾಫಿಪುಡಿ, ಸುಣ್ಣ ಮೆತ್ತಿದರೆ ಹೊಲಿಗೆ ಹಾಕುವವರಿಗೆ ತೊಂದರೆ. ಕಚ್ಚಿದ ಪ್ರಾಣಿ ಯಾವುದೆಂದು ಗೊತ್ತಿಲ್ಲದಿದ್ದರೆ ಗಾಯವನ್ನು ಕೈಗವಸು ಹಾಕಿಕೊಂಡೇ ಸಾಬೂನು ನೀರಿನಲ್ಲಿ ಚೆನ್ನಾಗಿ ತೊಳೆದು, ನಾಯಿಗೆ ರೇಬೀಸ್ ಲಸಿಕೆ ಕೊಡಿಸಬೇಕು.

ನುಸಿ ಮತ್ತು ಕಜ್ಜಿ

ಕಿವಿ ನುಸಿ, ಅಂದರೆ ಒಟೊಡೆಕ್ಟಿಸ್ ಸೈನೋಟಿಸ್, ಮರಿಗಳಲ್ಲಿ ಮತ್ತು ಬೆಕ್ಕಿನ ಒಡನಾಟ ಇರುವ ನಾಯಿಗಳಲ್ಲಿ ಹೆಚ್ಚು. ನಾಳದ ತುಂಬ ಕಾಫಿಪುಡಿಯಂಥ ಒಣ ಕರಿಪುಡಿ, ತಡೆಯಲಾಗದ ತುರಿಕೆ. ಆ ಪುಡಿಯನ್ನು ಕರಿಹಾಳೆಯ ಮೇಲೆ ಉದುರಿಸಿ ಭೂತಗನ್ನಡಿಯಲ್ಲಿ ನೋಡಿದರೆ ಬಿಳಿ ಚುಕ್ಕೆಗಳು ಓಡಾಡುತ್ತವೆ. ಮೊಟ್ಟೆಯಿಂದ ಬೆಳೆದ ನುಸಿಯಾಗಲು ಸುಮಾರು ಮೂರು ವಾರ ಹಿಡಿಯುವುದರಿಂದ ಒಂದೇ ದಿನದ ಮದ್ದು ಸಾಲದು. ಮನೆಯ ಎಲ್ಲ ನಾಯಿಬೆಕ್ಕುಗಳಿಗೂ ಒಟ್ಟಿಗೆ ಚಿಕಿತ್ಸೆ ಆಗಬೇಕು.

ಕಜ್ಜಿಯ ನುಸಿ ಬೇರೆಯದು. ಅದು ಹಾಲೆಯ ಅಂಚು, ಮೊಣಕೈ, ಹೊಟ್ಟೆಗೆ ಹತ್ತುತ್ತದೆ. ಗುರುತಿಸಲು ಒಂದು ಸುಲಭ ಪರೀಕ್ಷೆ ಇದೆ. ಹಾಲೆಯ ಒರಟಾದ ಅಂಚನ್ನು ಅದೇ ಹಾಲೆಯ ಬುಡಕ್ಕೆ ಬೆರಳಿಂದ ಕೆಲವು ಸೆಕೆಂಡು ಉಜ್ಜಿದರೆ, ಕಜ್ಜಿ ಇರುವ ನಾಯಿ ಆ ಕಡೆಯ ಹಿಂಗಾಲನ್ನು ತಾನಾಗಿಯೇ ಎತ್ತಿ ಕೆರೆಯತೊಡಗುತ್ತದೆ. ಎಲ್ಲ ಸಲವೂ ಖಚಿತವಲ್ಲ, ಆದರೂ ಬಲವಾದ ಸುಳಿವು. ಇದು ಮನುಷ್ಯರಿಗೂ ಅಂಟಿ ಕೆಲವು ಕಾಲ ತುರಿಸುತ್ತದೆ. ಕುರಿಗೆ ಕೊಡುವ ಐವರ್‌ಮೆಕ್ಟಿನ್ ಚುಚ್ಚುಮದ್ದನ್ನು ಅಂದಾಜಿನಲ್ಲಿ ನಾಯಿಗೂ ಕೊಡುವವರಿದ್ದಾರೆ. ಕೋಲಿ ಮತ್ತು ಅದರ ಬೆರಕೆ ತಳಿಗಳಲ್ಲಿ ಅದು ಮಿದುಳಿಗೆ ಏರಿ ಕೊಲ್ಲಬಹುದು, ಬೇರೆ ನಾಯಿಗಳಿಗೂ ಪ್ರಮಾಣ ಮೀರಿದರೆ ವಿಷ.

ಕಿವಿ ಸೋರುವುದು

ಮನೆನಾಯಿಗಳ ದೊಡ್ಡ ಸಮಸ್ಯೆ ಹೊರಕಿವಿಯ ಉರಿಯೂತ, ಆಡುಮಾತಿನಲ್ಲಿ ಕಿವಿ ಸೋರುವುದು. ಕಂದುಬಣ್ಣದ ಜಿಡ್ಡು ಗುಗ್ಗೆ, ಹುಳಿವಾಸನೆ ಇದ್ದರೆ ಹೆಚ್ಚಾಗಿ ಮಲಸೇಜಿಯ ಎಂಬ ಯೀಸ್ಟ್. ಹಳದಿ ಕೀವಾದರೆ ಸ್ಟ್ಯಾಫಿಲೊಕಾಕಸ್‌ನಂಥ ಬ್ಯಾಕ್ಟೀರಿಯಾ. ಹಸಿರು ಛಾಯೆಯ ಕೀವು, ಕೆಟ್ಟ ನಾತ, ಮುಟ್ಟಗೊಡದ ನೋವು ಇದ್ದರೆ ಸ್ಯೂಡೊಮೊನಾಸ್ ಇರಬಹುದು; ಅದು ಹಲವು ಔಷಧಗಳಿಗೆ ಬಗ್ಗುವುದಿಲ್ಲ. ಬಣ್ಣ ನೋಡಿ ಹೇಳುವುದೆಲ್ಲ ಊಹೆ. ಹತ್ತಿಕಡ್ಡಿಯಿಂದ ಗುಗ್ಗೆಯನ್ನು ಗಾಜಿನ ಪಟ್ಟಿಗೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗಲೇ ಖಚಿತ. ಕೆಲವೇ ನಿಮಿಷದ ಈ ಪರೀಕ್ಷೆಯನ್ನು ನಾಯಿಯ ಯಜಮಾನರು ಕೇಳಿ ಮಾಡಿಸಿಕೊಳ್ಳಬೇಕು. ಅದಕ್ಕಾಗಿಯೇ ಆಸ್ಪತ್ರೆಗೆ ಹೊರಡುವ ದಿನ ಕಿವಿ ತೊಳೆಯಬಾರದು.

ಯೀಸ್ಟ್, ಬ್ಯಾಕ್ಟೀರಿಯಾಗಳು ಆರೋಗ್ಯದ ಕಿವಿಯಲ್ಲೂ ಸ್ವಲ್ಪ ಇದ್ದೇ ಇರುತ್ತವೆ. ಬೇರೇನೋ ಕಾರಣದಿಂದ ಚರ್ಮ ಕೆಟ್ಟಾಗ ಅವು ಹೆಚ್ಚುತ್ತವೆ. ಆ ಕಾರಣ ಬಹಳ ಸಲ ಅಲರ್ಜಿ, ಅಂದರೆ ದೂಳು, ಪರಾಗ, ಮನೆನುಸಿ ಅಥವಾ ಆಹಾರದ ಯಾವುದೋ ಪ್ರೋಟೀನ್. ಆಹಾರದ ಅಲರ್ಜಿಗೆ ಕೆಲವು ನಾಯಿಗಳಲ್ಲಿ ಕಿವಿ ಕೆಡುವುದೊಂದೇ ಲಕ್ಷಣ. ವರ್ಷಕ್ಕೆ ಮೂರ್ನಾಲ್ಕು ಸಲ ಕಿವಿ ಸೋರುವ, ಜೊತೆಗೆ ಪಾದ ನೆಕ್ಕಿಕೊಳ್ಳುವ ನಾಯಿಗೆ ಬೇಕಾದದ್ದು ಇನ್ನೊಂದು ಬಾಟಲಿ ಹನಿಯಲ್ಲ, ಅಲರ್ಜಿಯ ತಪಾಸಣೆ. ನಡುವಯಸ್ಸಿನಲ್ಲಿ ಮೊದಲ ಬಾರಿಗೆ ಶುರುವಾದರೆ ಥೈರಾಯ್ಡ್ ಕೊರತೆಯನ್ನೂ ನೋಡಬೇಕು.

ಕಿವಿಯ ಆಕಾರಕ್ಕೂ ಪಾಲಿದೆ. ಬ್ರಿಟನ್ನಿನ ಪಶು ಆಸ್ಪತ್ರೆಗಳ ದಾಖಲೆಗಳನ್ನು ಆಧರಿಸಿ 2021ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ವರ್ಷವೊಂದರಲ್ಲಿ ನೂರಕ್ಕೆ 7.3 ನಾಯಿಗಳಿಗೆ ಈ ರೋಗ ಕಂಡುಬಂತು. ಬ್ಯಾಸೆಟ್ ಹೌಂಡ್, ಶಾರ್‌ಪೇ, ಬೀಗಲ್, ಗೋಲ್ಡನ್ ರಿಟ್ರೀವರ್‌ಗಳಲ್ಲಿ ಹೆಚ್ಚು. ಜೋಲುಕಿವಿಯ ನಾಯಿಗಳಿಗೆ ನಿಮಿರಿದ ಕಿವಿಯವುಗಳಿಗಿಂತ ಅಪಾಯ ಒಂದೂಮುಕ್ಕಾಲು ಪಟ್ಟಿನಷ್ಟು. ಕಾಕರ್ ಸ್ಪೇನಿಯಲ್‌ನ ನಾಳದಲ್ಲಿ ಗುಗ್ಗೆ ಗ್ರಂಥಿಗಳೇ ಹೆಚ್ಚು. ಶಿಟ್ಜು, ಪೂಡಲ್‌ಗಳ ನಾಳದೊಳಗೆ ಕೂದಲು ದಟ್ಟ. ಆದರೆ ತೊಂದರೆ ಇಲ್ಲದ ಕಿವಿಯ ಕೂದಲನ್ನು ವಾಡಿಕೆಯೆಂದು ಕೀಳಬಾರದು, ಕಿತ್ತ ಜಾಗವೇ ಊದಿಕೊಳ್ಳುತ್ತದೆ. ನಮ್ಮ ನಾಡನಾಯಿಯ ತೆರೆದ ಕಿವಿಗೆ ಗಾಳಿ ಚೆನ್ನಾಗಿ ಆಡುತ್ತದೆ. ಒಣಹವೆಯ ಸೀಮೆಯಲ್ಲಿ ಯೀಸ್ಟಿನ ಕಾಟ ಅದಕ್ಕೆ ಅಪರೂಪ.

ಹಳೆಯದಾದ ಉರಿಯೂತ ನಾಳದ ಗೋಡೆಯನ್ನೇ ದಪ್ಪಗಾಗಿಸಿ, ಮೆಲುಮೂಳೆಯನ್ನು ಸುಣ್ಣಗಟ್ಟಿಸಿ, ದಾರಿಯನ್ನು ಮುಚ್ಚಿಬಿಡುತ್ತದೆ. ಆಗ ಉಳಿಯುವ ದಾರಿ ಇಡೀ ನಾಳವನ್ನು ತೆಗೆದುಹಾಕುವ ದೊಡ್ಡ ಶಸ್ತ್ರಚಿಕಿತ್ಸೆ.

ರಕ್ತಗಡ್ಡೆ, ತಲೆವಾಲು, ಕಿವುಡು

ತಲೆ ಕೊಡವಿ ಕೊಡವಿ ಹಾಲೆಯೊಳಗಿನ ರಕ್ತನಾಳ ಒಡೆದು, ಚರ್ಮ ಮತ್ತು ಮೆಲುಮೂಳೆಯ ನಡುವೆ ರಕ್ತ ತುಂಬಿ ಹಾಲೆ ಮೆತ್ತಗೆ ಊದಿಕೊಳ್ಳುವುದುಂಟು. ಸೂಜಿಯಿಂದ ತೆಗೆದರೂ ಮತ್ತೆ ತುಂಬುವುದೇ ಹೆಚ್ಚಾದ್ದರಿಂದ ವೈದ್ಯರು ಸೀಳಿ, ಹಾಲೆಗೆ ಅಡ್ಡಹೊಲಿಗೆಗಳನ್ನು ಹಾಕುತ್ತಾರೆ. ಬಿಟ್ಟರೆ ಹಾಲೆ ಮುದುಡಿ ಗಟ್ಟಿಯಾಗುತ್ತದೆ. ಮೂಲದಲ್ಲಿದ್ದ ತುರಿಕೆಗೆ ಮದ್ದಾಗದಿದ್ದರೆ ಇದು ಮರುಕಳಿಸುತ್ತದೆ.

ತಲೆ ಒಂದೇ ಕಡೆ ವಾಲುವುದು, ಸುತ್ತು ತಿರುಗುವುದು, ಕಣ್ಣುಗುಡ್ಡೆ ಅತ್ತಿತ್ತ ಆಡುವುದು, ಒಂದು ಬದಿಯ ತುಟಿ ಜೋಲುವುದು ನಡುಗಿವಿ ಅಥವಾ ಒಳಗಿವಿಗೆ ರೋಗ ಇಳಿದದ್ದರ ಗುರುತು. ಇದಕ್ಕೆ ಹನಿಮದ್ದು ಸಾಲದು. ದವಡೆ ಜೋಲಿ, ಜೊಲ್ಲು ಸುರಿದು, ನಡತೆಯೂ ಬದಲಾಗಿದ್ದರೆ ಕಿವಿ ನೋಡುವ ಸಾಹಸ ಬೇಡ. ಅದು ರೇಬೀಸ್ ಆಗಿರಬಹುದು, ದೂರವಿದ್ದು ವೈದ್ಯರಿಗೆ ತಿಳಿಸಬೇಕು.

ಹುಟ್ಟುಕಿವುಡು ಬಿಳಿಮೈಯ ತಳಿಗಳಲ್ಲಿ ಹೆಚ್ಚು, ಡಾಲ್ಮೇಶಿಯನ್ ಅದಕ್ಕೆ ಪ್ರಸಿದ್ಧ. ವಯಸ್ಸಿನಿಂದ ಬರುವ ಕಿವುಡಿಗೆ ಮದ್ದಿಲ್ಲ, ಆದರೆ ಕೈಸನ್ನೆ ಕಲಿತ ನಾಯಿ ಚೆನ್ನಾಗಿಯೇ ಬಾಳುತ್ತದೆ. ಮದ್ದಿನಿಂದ ಬರುವ ಕಿವುಡನ್ನು ಮಾತ್ರ ತಡೆಯಬಹುದು. ತಮಟೆ ಹರಿದಿರುವಾಗ ಜೆಂಟಾಮೈಸಿನ್‌ನಂಥ ಹನಿ ಒಳಗಿವಿಗೆ ಇಳಿದರೆ ಕೇಳ್ಮೆ ಮರಳಿ ಬಾರದಂತೆ ಹೋಗಬಹುದು. ಮನೆಯವರಿಗೆ ಬರೆದುಕೊಟ್ಟ ಕಿವಿಹನಿಯನ್ನು ನಾಯಿಗೆ ಹಾಕಬಾರದೆನ್ನುವುದು ಇದಕ್ಕೇ.

ಶುಚಿಮಾಡುವುದು

ಗುಗ್ಗೆ ಹೆಚ್ಚಿದ್ದರೆ, ನಾಯಿ ಕೆರೆ ಬಾವಿಯಲ್ಲಿ ಈಜಿ ಬಂದಿದ್ದರೆ, ವೈದ್ಯರು ಹೇಳಿದ್ದರೆ ಮಾತ್ರ ಕಿವಿ ತೊಳೆಯಬೇಕು. ನಾಯಿಯ ಕಿವಿಗೆಂದೇ ಮಾಡಿದ ದ್ರಾವಣವನ್ನು ಕೈಯಲ್ಲಿ ಹಿಡಿದು ಮೈಬಿಸಿಗೆ ತಂದು, ಹಾಲೆಯನ್ನು ಮೇಲಕ್ಕೆತ್ತಿ, ನಾಳ ತುಂಬುವಷ್ಟು ಬಿಡಬೇಕು. ಬಾಟಲಿಯ ತುದಿ ಕಿವಿಗೆ ತಾಗಬಾರದು. ಕಿವಿಯ ಬುಡವನ್ನು ಅರ್ಧ ನಿಮಿಷ ಮೆಲ್ಲಗೆ ನೀವಿದರೆ ಒಳಗೆ ಪಿಚಪಿಚ ಸದ್ದು ಕೇಳುತ್ತದೆ. ಆಮೇಲೆ ಕೈಬಿಟ್ಟು ಹಿಂದೆ ಸರಿದು ನಾಯಿಗೆ ತಲೆ ಕೊಡವಲು ಬಿಡಬೇಕು. ತಿರುವಿನ ಕೆಳಗಿನ ಕಸ ಮೇಲೆ ಬರುವುದು ಆ ಕೊಡವುವಿಕೆಯಿಂದಲೇ. ಬೆರಳಿಗೆ ಹತ್ತಿ ಸುತ್ತಿ, ಬೆರಳು ಹೋಗುವಷ್ಟು ದೂರ ಮಾತ್ರ ಒರೆಸಬೇಕು. ಹತ್ತಿಕಡ್ಡಿ ಗುಗ್ಗೆಯನ್ನು ಒಳಕ್ಕೇ ದೂಡುತ್ತದೆ. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್, ವಿನೆಗರ್ ಹುಣ್ಣಾದ ಕಿವಿಯನ್ನು ಉರಿಸುತ್ತವೆ. ಚೆನ್ನಾಗಿರುವ ಕಿವಿಯನ್ನು ದಿನವೂ ತೊಳೆದರೆ ಚರ್ಮ ನೆನೆದು ತಾನೇ ರೋಗಕ್ಕೆ ದಾರಿಯಾಗುತ್ತದೆ. ಮೈ ತೊಳೆಯುವಾಗ ನಾಳದ ಬಾಯಿಗೆ ಸಡಿಲವಾಗಿ ಹತ್ತಿ ಇಟ್ಟು, ಮುಗಿದೊಡನೆ ಮರೆಯದೆ ತೆಗೆಯಬೇಕು.

ಬೆಳ್ಳುಳ್ಳಿ ಕಾಯಿಸಿದ ಕೊಬ್ಬರಿ ಎಣ್ಣೆ, ಬೇವಿನೆಣ್ಣೆ, ಹೊಂಗೆ ಎಣ್ಣೆ ಈ ಸೀಮೆಯ ಪ್ರತಿ ಮನೆಯ ಮದ್ದು. ಒಣಗಿ ಬಿರಿದ ಹಾಲೆಯ ಹೊರಮೈಗೆ ತೆಳುವಾಗಿ ಕೊಬ್ಬರಿ ಎಣ್ಣೆ ಸವರಿದರೆ ಕೇಡಿಲ್ಲ. ಸೋರುವ ನಾಳಕ್ಕೆ ಹುಯ್ದರೆ ಮಾತ್ರ ಕಸ ಅಂಟಾಗಿ ಕೂರುತ್ತದೆ, ಜಿಡ್ಡನ್ನು ಮೆಚ್ಚುವ ಯೀಸ್ಟಿಗೆ ಆಹಾರ ಸಿಗುತ್ತದೆ, ವೈದ್ಯರಿಗೆ ತಮಟೆ ಕಾಣದಂತಾಗುತ್ತದೆ. ತಮಟೆ ಹರಿದಿದ್ದರೆ ಎಣ್ಣೆ ನೇರ ನಡುಗಿವಿಗೆ ಹೋಗುತ್ತದೆ.

ಕಿವಿ ಕತ್ತರಿಸುವುದು

ನಾಯಿ ಜೋರಾಗುತ್ತದೆ, ಚುರುಕಾಗುತ್ತದೆ ಎಂದು ಮರಿಯ ಕಿವಿ ಕತ್ತರಿಸುವ ರೂಢಿ ಕೆಲವು ಕಡೆ ಉಳಿದಿದೆ. ಡಾಬರ್ಮನ್ ಸಾಕುವವರಲ್ಲಿ ಇದು ಅಂದದ ಹೆಸರಿನಲ್ಲಿ ನಡೆಯುತ್ತದೆ. ಕಿವಿ ಕತ್ತರಿಸಿದರೆ ಕಿವಿರೋಗ ಬರುವುದಿಲ್ಲ ಎಂಬ ಮಾತಿಗೆ ಆಧಾರವಿಲ್ಲ. ಹಾಲೆ ಹೋದರೆ ನಾಳಕ್ಕೆ ನೀರು, ನೊಣ, ಊಬಿನಿಂದ ಇದ್ದ ಮರೆ ಹೋಗುತ್ತದೆ. ನಾಯಿ ತನ್ನ ಭಾವ ತೋರುವ ಅಂಗವೂ ಹೋಗುತ್ತದೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಪ್ರಾಣಿಯ ಅಂಗಭಂಗವನ್ನು ಹಿಂಸೆಯೆಂದೇ ಎಣಿಸುತ್ತದೆ. ಸಂತಾನಹರಣ ಚಿಕಿತ್ಸೆಯಾದ ಬೀದಿನಾಯಿಯ ಕಿವಿಯಲ್ಲಿ ಕಾಣುವ ಸಣ್ಣ ಕಚ್ಚು ಬೇರೆ. ಅದು ಅರಿವಳಿಕೆಯಲ್ಲಿದ್ದಾಗಲೇ ಮಾಡುವ ಗುರುತು, ಗಾಯವೆಂದು ಗಾಬರಿಯಾಗಬೇಕಿಲ್ಲ.

ಚಿಕಿತ್ಸೆಯ ದಾರಿ

ಜನರ ಬಾಯಲ್ಲಿ ಇಂದಿಗೂ ದನದ ಆಸ್ಪತ್ರೆಯೇ ಆಗಿರುವ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ನಾಯಿಗೂ ಚಿಕಿತ್ಸೆ ಉಂಟು. ಈ ಹೆಸರಿನಿಂದಲೇ ಎಷ್ಟೋ ಮಂದಿ ನಾಯಿಯನ್ನು ಅಲ್ಲಿಗೆ ಕರೆತರಲು ಹಿಂಜರಿಯುತ್ತಾರೆ. ಹಿಂಜರಿಯಬೇಕಿಲ್ಲ. 1962 ಸಂಖ್ಯೆಗೆ ಕರೆಮಾಡಿದರೆ ಪಶು ಸಂಜೀವಿನಿ ಸಂಚಾರಿ ಚಿಕಿತ್ಸಾ ವಾಹನದ ನೆರವು ಕೇಳಬಹುದು. ನಾಳ ಮುಚ್ಚಿಹೋದ, ಒಳಗಿವಿಗೆ ಇಳಿದ ಜಟಿಲ ಪ್ರಕರಣಗಳಿಗೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ.

ನೋವಿರುವ ಕಿವಿಯನ್ನು ಮುಟ್ಟಿದರೆ ಎಂಥ ಸಾಧು ನಾಯಿಯೂ ಕಚ್ಚಬಹುದು. ಹೊರಡುವ ಮೊದಲು ಮೆತ್ತನೆಯ ಬಟ್ಟೆಯ ಪಟ್ಟಿಯಿಂದ ಮೂತಿಗೆ ಸುತ್ತು ಹಾಕಿ, ಕಿವಿಯ ಹಿಂದೆ ಗಂಟು ಕಟ್ಟಬೇಕು. ಏದುಸಿರು ಬಿಡುತ್ತಿದ್ದರೆ, ವಾಂತಿಯಾಗುತ್ತಿದ್ದರೆ ಕಟ್ಟಬಾರದು. ಕಚ್ಚಿದರೆ, ಪರಚಿದರೆ ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆದು ಅದೇ ದಿನ ಸರ್ಕಾರಿ ಆಸ್ಪತ್ರೆಯಲ್ಲಿ ರೇಬೀಸ್ ಚುಚ್ಚುಮದ್ದು ಶುರುಮಾಡಬೇಕು, ಕಚ್ಚಿದ್ದು ಸ್ವಂತ ನಾಯಿಯೇ ಆಗಿದ್ದರೂ ಸರಿ. ವೈದ್ಯರ ಬಳಿ ಹೇಳಬೇಕಾದ್ದು ಇಷ್ಟು: ಯಾವ ಕಿವಿ, ಎಂದಿನಿಂದ, ಹಿಂದೆ ಎಷ್ಟು ಸಲ ಆಗಿತ್ತು, ಪಾದ ನೆಕ್ಕುತ್ತದೆಯೇ, ಮನೆಯಲ್ಲಿ ಏನೇನು ಹಾಕಲಾಗಿದೆ. ಕೊನೆಯದನ್ನು ಮುಚ್ಚಿಡಬಾರದು. ಫಿನಾಯಿಲ್ ಹುಯ್ದಿದ್ದರೂ ಹೇಳಬೇಕು, ಏಕೆಂದರೆ ಮದ್ದಿನ ಆಯ್ಕೆ ಅದರ ಮೇಲೆ ನಿಲ್ಲುತ್ತದೆ. ಹನಿಮದ್ದು ಶುರುವಾದ ಮೇಲೆ ವಾಸನೆ ಹೋಯಿತೆಂದು ನಡುವೆ ಬಿಡದೆ, ಹೇಳಿದಷ್ಟು ದಿನ ಹಾಕಿ, ಮರುತಪಾಸಣೆಯಲ್ಲಿ ಕಿವಿಯ ತಳ ಶುಚಿಯಾಗಿದೆಯೆಂದು ವೈದ್ಯರು ನೋಡಿ ಹೇಳಿದ ಮೇಲೆಯೇ ನಿಲ್ಲಿಸಬೇಕು.